ಒಂದೂ ತಪ್ಪಿಲ್ಲದ ತಾರು

ಇಂಗ್ಲಿಷಿನಲ್ಲಿ ನಾನು ಪಂಡಿತ ಎಂದು ನಾನೇ ಹೇಳಿಕೊಳ್ಳುವುದು ಸಭ್ಯತೆಯಲ್ಲ. ಆದ್ದರಿಂದ ಊರಿನವರು ಹೇಳುತ್ತಿದ್ದರು, ನಾನು ಬೇಡವೆನ್ನದೆ ಸುಮ್ಮನಿರುತ್ತಿದ್ದೆ.

ಆಗ ನಿಜಾಮರ ಆಳ್ವಿಕೆ. ಹೊರಗೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ನಾನು ಮಸ್ಕಿಯ ಶಾಲೆಯಲ್ಲಿ ಮಾಸ್ತರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಸಂತೆಯಲ್ಲಿ ಒಂದಿಷ್ಟು ತೆಲುಗು. ಇಷ್ಟಕ್ಕೇ ಊರಿನವರ ನಾಲಿಗೆ ತುಂಬಿಹೋಗಿತ್ತು, ಇಂಗ್ಲಿಷಿಗೆ ಜಾಗವೇ ಇರಲಿಲ್ಲ. ಊರ ಗುಡ್ಡದ ಬಂಡೆಯ ಮೇಲೆ ಯಾವುದೋ ಕಾಲದ ರಾಜನೊಬ್ಬ ಕೊರೆಸಿದ ಅಕ್ಷರಗಳಿವೆ. ಅವನ್ನು ಓದಬಲ್ಲವರು ಊರಲ್ಲಿ ಒಬ್ಬರೂ ಇರಲಿಲ್ಲ. ಇಂಗ್ಲಿಷ್ ಓದಬಲ್ಲವರು ಮಾತ್ರ ಒಬ್ಬರಿದ್ದರು. ಆ ಒಬ್ಬರು ನಾನು!

ನನ್ನ ಪಾಂಡಿತ್ಯದ ಮೂಲವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಈಗ ವಯಸ್ಸಾಗಿದೆ, ಹೇಳಿಬಿಡುತ್ತೇನೆ. ಸಿಂಧನೂರಿನ ಸಂತೆಯಲ್ಲಿ ಒಬ್ಬ ಮುದುಕಿ ಹುರಿದ ಶೇಂಗಾ ಮಾರುತ್ತಿದ್ದಳು. ಅವಳು ಪೊಟ್ಟಣ ಕಟ್ಟಲು ಹರಿಯುತ್ತಿದ್ದ ಪುಸ್ತಕ ಇಂಗ್ಲಿಷ್ ವ್ಯಾಕರಣದ್ದು! ನಾನು ನೋಡುವ ಹೊತ್ತಿಗೆ ಅವಳು ಹಿಂದಿನಿಂದ ಹರಿಯುತ್ತ ಹರಿಯುತ್ತ ಮೊದಲನೆಯ ಪಾಠದವರೆಗೆ ಬಂದಿದ್ದಳು. ಎರಡು ಸೇರು ಶೇಂಗಾ ಕೊಂಡು ಆ ಪಾಠವನ್ನು ಕಾಪಾಡಿದೆ. ಅದರಲ್ಲಿದ್ದದ್ದು ಇಸ್, ಆಮ್, ಆರ್. ವರ್ತಮಾನ ಕಾಲ ನನಗೆ ದಕ್ಕಿತು. ಭೂತಕಾಲ, ಭವಿಷ್ಯತ್ಕಾಲಗಳನ್ನು ಸಿಂಧನೂರಿನ ಜನ ಶೇಂಗಾದ ಸಿಪ್ಪೆಯ ಜೊತೆ ಬೀದಿಗೆ ಎಸೆದಿದ್ದರು.

ಇದ್ದ ಮೂರನ್ನೇ ನಾನು ಹೊಲ ಉತ್ತಂತೆ ಉತ್ತೆ. ನಾನು ಆಮ್. ಎಮ್ಮೆ ಇಸ್. ಎಮ್ಮೆಗಳು ಆರ್. ಊಟಕ್ಕೆ ಕೂತಾಗ ರೊಟ್ಟಿ ಇಸ್, ಎರಡನೆಯದು ಬಿದ್ದ ಕೂಡಲೇ ರೊಟ್ಟಿಗಳು ಆರ್! ನನ್ನ ಹೆಂಡತಿ ನೀಲವ್ವ ಸಾಲಗುಂದದವಳು. ಅವಳ ತವರಿನಲ್ಲಿ ಅಕ್ಷರ ಕಡಿಮೆ, ಮಾತು ಹೆಚ್ಚು.

"ಮೂರ ಶಬ್ದಕ್ಕ ಇಷ್ಟ ಸೊಕ್ಕ ಬಂದೈತಿ ನಿಮಗ. ನಾಕನೇದ್ದು ಬಂದಿದ್ರ ನೆಲದ ಮ್ಯಾಲೆ ಕಾಲ ಇಡ್ತಿದ್ದಿಲ್ಲ ನೀವು" ಎನ್ನುತ್ತಿದ್ದಳು.

ನಾನು ಕ್ಷಮಿಸುತ್ತಿದ್ದೆ. ವಿದ್ವಾಂಸರು ಮನೆಯಲ್ಲಿ ಹೀಗೆಯೇ ಕಷ್ಟಪಡುತ್ತಾರೆಂದು ಕೇಳಿದ್ದೆ.

ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆ ಈರಮ್ಮನದು. ಗಂಡ ಸತ್ತು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಯಂಕಪ್ಪ, ಸೊಲ್ಲಾಪುರದ ಗಿರಣಿಯಲ್ಲಿ ನೂಲು ಹಿಡಿಯಲು ಹೋಗಿ ನಾಲ್ಕು ವರ್ಷ. ಇನ್ನೂ ಮದುವೆಯಿಲ್ಲ. ತಲೆಯ ತುಂಬ ಗುಂಗುರು ಕೂದಲು. ವರ್ಷಕ್ಕೊಮ್ಮೆ ಊರಿಗೆ ಬಂದರೆ ಅವನಿಗೆ ಮೊದಲು ನೀರು ಸಿಗುತ್ತಿರಲಿಲ್ಲ, ರೊಟ್ಟಿ ಸಿಗುತ್ತಿರಲಿಲ್ಲ. ಈರಮ್ಮ ಅವನನ್ನು ಹೊಸ್ತಿಲಲ್ಲಿ ಕೂರಿಸಿ, ಬಟ್ಟಲು ತುಂಬ ಕುಸುಬಿ ಎಣ್ಣೆ ತಂದು, ತಲೆಗೆ ಸುರಿದು ತಿಕ್ಕುತ್ತಿದ್ದಳು. ಗಿರಣಿಯ ಹತ್ತಿಯ ಧೂಳೆಲ್ಲ ಎಣ್ಣೆಯಲ್ಲಿ ನೆನೆದು ಕೊರಳಿಗೆ ಇಳಿಯುತ್ತಿತ್ತು. ಯಂಕಪ್ಪ ಎತ್ತಿನಂಥ ಆಳು. ಆದರೂ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದ.

ಆ ವರ್ಷ ಈರಮ್ಮ ಮಲಗಿದಳು. ಕಾಲು ಬಾತವು, ಉಸಿರು ಹತ್ತತೊಡಗಿತು. ಔಷಧ ಕೊಡುವ ಅಯ್ಯನವರು ನಾಡಿ ಹಿಡಿದು ನೋಡಿ, ಹೊರಗೆ ಬಂದು ನನ್ನ ಕಿವಿಯಲ್ಲಿ, "ಎಂಟ ದಿನ ಹಿಡೀಬಹುದು, ಮಾಸ್ತರ. ಮಗನ್ನ ಕರಸ್ರಿ" ಎಂದರು. ಅದು ಶನಿವಾರ.

ಒಳಗೆ ಹೋದೆ. ಈರಮ್ಮ ನನ್ನ ಕೈ ಹಿಡಿದಳು.

"ಮಾಸ್ತರಾ, ಯಂಕನ್ನ ಕರಸೋ ಯಪ್ಪಾ. ಒಂದ ಸಲ ಅವನ ತಲಿಗೆ ಎಣ್ಣಿ ಹಚ್ಚಬೇಕು. ಮತ್ತೇನು ಬ್ಯಾಡ ನನಗ. ಎಣ್ಣಿ ಹಚ್ಚಿ ಹೊಂಟುಬಿಡ್ತೀನಿ."

ನೋಡಿದರೆ ತಲೆದಿಂಬಿನ ಪಕ್ಕದಲ್ಲೇ ಹಿತ್ತಾಳೆ ಬಟ್ಟಲು. ಆಗಲೇ ಎಣ್ಣೆ ತುಂಬಿಸಿ ಇಟ್ಟುಕೊಂಡಿದ್ದಳು, ಮೇಲೊಂದು ಎಲೆ ಮುಚ್ಚಿ. ನನ್ನ ಎದೆ ಉಬ್ಬಿತು. ನಾನು ಎದ್ದು ನಿಂತು, "ಈರವ್ವಾ, ಚಿಂತಿ ಮಾಡಬ್ಯಾಡ. ನಾ ತಾರ ಕಳಸ್ತೀನಿ. ಇಂಗ್ಲಿಷ್‌ನಾಗ!" ಎಂದು ಘೋಷಿಸಿದೆ. ಟೆಲಿಗ್ರಾಮಿಗೆ ಆಗ ನಮ್ಮ ಕಡೆ ತಾರು ಎನ್ನುತ್ತಿದ್ದರು.

ಹೊರಗೆ ಬಂದ ಕೂಡಲೇ ನೀಲವ್ವ ತೋಳು ಹಿಡಿದು ಎಳೆದಳು.

"ತಾರ ಯಾಕ್ರೀ? ತಾರ ಅಂದ್ರ ಸಾವಿನ ಸುದ್ದಿ. ಒಂದ ಕಾರ್ಡ ಬರದು, ಮೂಲಿಗೆ ಅರಿಷಿಣ ಹಚ್ಚಿ ಹಾಕ್ರಿ. ಅರಿಷಿಣದ ಕಾಗದ ಕೈಯಾಗ ಹಿಡದ ಕೂಡ್ಲೆ ಮನಿಷ್ಯಾಗ ತಿಳೀತದ, ಅವ್ವಗ ಜೀವ ಐತಿ ಅಂತ."

"ಕಾರ್ಡ ಸೊಲ್ಲಾಪುರ ಮುಟ್ಟಾಕ ಐದ ದಿನ ಬೇಕು."

"ಹಂಗಾದ್ರ ಅಂಗಡಿ ಶಿವಪ್ಪ ನಾಳಿ ಮುಂಜಾನೆ ಹತ್ತಿ ಯಾಪಾರಕ್ಕ ಸೊಲ್ಲಾಪುರಕ್ಕ ಹೊಂಟಾನ. ಅವನ ಕೂಡ ಬಾಯಿಲೆ ಹೇಳಿ ಕಳಸ್ರಿ. ಸೋಮವಾರ ಮುಟ್ಟತಾನ, ಬುಧವಾರ ಯಂಕನ್ನ ಕರಕೊಂಡು ಬರತಾನ."

ಇಷ್ಟು ನೇರವಾದ ಉಪಾಯ ಯಾವ ವಿದ್ವಾಂಸನಿಗೂ ಹಿಡಿಸುವುದಿಲ್ಲ. ಇಂಗ್ಲಿಷ್ ಬಲ್ಲವನೊಬ್ಬ ಇರುವ ಊರಿನಿಂದ ಬಾಯಿಮಾತಿನ ಸುದ್ದಿಯೇ? ಮರುದಿನ ಬೆಳಿಗ್ಗೆ ಶಿವಪ್ಪ ರೈಲು ಹಿಡಿಯಲು ಹೊರಟವನು ತಾನಾಗಿಯೇ ಗಾಡಿ ನಿಲ್ಲಿಸಿ, "ಮಾಸ್ತರ, ಯಂಕಪ್ಪಗ ಏನರ ಹೇಳೂದೈತೇನ್ರಿ?" ಎಂದು ಕೇಳಿದ. ನಾನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಏನೂ ಇಲ್ಲ, ನೀ ಹೋಗು. ನನ್ನ ತಾರ ನಿನಗಿಂತ ಮೊದಲ ಮುಟ್ಟತೈತಿ" ಎಂದೆ. ಅವನು ಎತ್ತಿನ ಬಾಲ ತಿರುವಿ ಹೋದ. ಈಗಲೂ ಗಾಡಿಯ ಗಾಲಿಯ ಸದ್ದು ಕೇಳಿದರೆ ನನಗೆ ಆ ಬೆಳಗು ನೆನಪಾಗುತ್ತದೆ.

ಆ ಭಾನುವಾರವೆಲ್ಲ ನಾನು ತಾರು ಬರೆದೆ. ಒಂದೇ ಒಂದು ಸಾಲು. ತಾಯಿಗೆ ಹುಷಾರಿಲ್ಲ, ಅಷ್ಟೇ. ಆದರೆ ತಾಯಿಗೆ ಇಸ್ ಹಾಕಬೇಕೋ, ಆರ್ ಹಾಕಬೇಕೋ? ಒಬ್ಬಳೇ ಇದ್ದಾಳೆ, ಆದ್ದರಿಂದ ಇಸ್. ಆದರೆ ಹಿರಿಯಳು. ನಮ್ಮ ಕಡೆ ಹಿರಿಯರು ಒಬ್ಬರೇ ಇದ್ದರೂ ಬಹುವಚನ. ಇಸ್ ಎಂದು ಬರೆದರೆ ಎಮ್ಮೆಗೂ ಈರಮ್ಮನಿಗೂ ಏನು ವ್ಯತ್ಯಾಸ ಉಳಿಯಿತು? ಸೊಲ್ಲಾಪುರದಲ್ಲಿ ಯಾರಾದರೂ ತಿಳಿದವರು ಓದಿ, ಮಸ್ಕಿಯ ಮಾಸ್ತರನಿಗೆ ಹಿರಿಯರಿಗೆ ಮರ್ಯಾದೆ ಕೊಡುವುದು ಗೊತ್ತಿಲ್ಲ ಎಂದರೆ? ಇಸ್ ಬರೆದೆ, ಹೊಡೆದು ಹಾಕಿದೆ. ಆರ್ ಬರೆದೆ, ಅದನ್ನೂ ಹೊಡೆದು ಹಾಕಿದೆ. ಕಟ್ಟೆಯ ಮೇಲೆ ಕೂತವರೂ ಈ ಚರ್ಚೆಗೆ ಸೇರಿಕೊಂಡರು. ಇಂಗ್ಲಿಷಿನ ಒಂದಕ್ಷರ ತಿಳಿಯದ ಹನ್ನೆರಡು ಜನ ಸಂಜೆಯವರೆಗೆ ವಾದಿಸಿ, ಹಿರಿಯರಿಗೆ ಆರ್ ಇರಬೇಕೆಂದು ತೀರ್ಮಾನಿಸಿದರು.

ಗೋಡೆಯಾಚೆಯಿಂದ ಈರಮ್ಮನ ದನಿ ಬಂತು. "ಮಾಸ್ತರಾ, ತಾರ ಹೋತೇನೋ?"

"ಹೊಂಟೈತಿ, ಹೊಂಟೈತಿ!" ಎಂದೆ. ತಾರು ನನ್ನ ಕೈಯಲ್ಲೇ ಇತ್ತು.

ನೀಲವ್ವ ಒಲೆಯ ಮುಂದಿನಿಂದಲೇ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು.

ತಾರು ಹೊಡೆಯುವ ಕಚೇರಿ ಇದ್ದದ್ದು ಲಿಂಗಸುಗೂರಿನಲ್ಲಿ. ಸೋಮವಾರ ಬೆಳಿಗ್ಗೆ ಕರಿ ಕೋಟು ಹಾಕಿಕೊಂಡು ಸಿಂಧನೂರಿನಿಂದ ಬರುವ ಬಸ್ಸು ಹತ್ತಿದೆ. ಯುದ್ಧದ ದೆಸೆಯಿಂದ ಪೆಟ್ರೋಲ್ ಸಿಗುತ್ತಿರಲಿಲ್ಲ. ಬಸ್ಸಿನ ಹಿಂಭಾಗದಲ್ಲಿ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯಿಂದಲೇ ಓಡಿಸುತ್ತಿದ್ದರು. ಸಂತೆಕಲ್ಲೂರಿನ ಹತ್ತಿರ ಒಲೆ ಆರಿತು. ಎಲ್ಲರೂ ಇಳಿದು ಪಾಳಿಯ ಮೇಲೆ ತಿದಿ ಊದಿದೆವು. ನನ್ನ ಪಾಳಿ ಬಂದಾಗ ಕಿಡಿ ಹಾರಿ ಕೋಟಿಗೆ ಮೂರು ತೂತು ಬಿದ್ದವು. ಪರವಾಗಿಲ್ಲ, ಒಂದು ಇಸ್, ಒಂದು ಆಮ್, ಒಂದು ಆರ್ ಎಂದು ಸಮಾಧಾನ ಮಾಡಿಕೊಂಡೆ. ಲಿಂಗಸುಗೂರು ಮುಟ್ಟುವಾಗ ಸಂಜೆಯಾಗಿತ್ತು. ಕಚೇರಿಯ ಬಾಗಿಲು ಹಾಕಿದ್ದರು.

ನನಗೆ ದುಃಖವಾಗಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಸಂತೋಷವೇ ಆಯಿತು. ಇಸ್‌ನ ವಿಚಾರ ತಿಳಿದವರನ್ನು ಕೇಳಲು ಸಮಯ ಸಿಕ್ಕಿತಲ್ಲ! ತಹಸೀಲ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ ಮುನ್ಶಿ ಸಾಹೇಬರೊಬ್ಬರಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಉರ್ದು, ಫಾರ್ಸಿ, ಇಂಗ್ಲಿಷ್ ಮೂರರಲ್ಲೂ ಕೈ ಓಡುತ್ತಿತ್ತು. ಅವರು ಆಗಲೇ ಮಸಿಯ ದೌತಿ ಮುಚ್ಚಿ ಏಳುತ್ತಿದ್ದರು. ನಾನು ಹೋಗಿ ಸಲಾಮು ಮಾಡಿ ಪ್ರಶ್ನೆ ಇಟ್ಟೆ.

ಮುನ್ಶಿ ಸಾಹೇಬರು ನಕ್ಕರು. "ಇಂಗ್ಲಿಷ್‌ನಾಗ ರಾಣೀಗೂ ಇಸ್, ಕತ್ತೆಗೂ ಇಸ್, ಮಾಸ್ತರ್ ಸಾಬ್. ಅವರ ಕಡೆ ಅದಬ್, ಮರ್ಯಾದಿ ಏನೂ ಇಲ್ಲ. ಇಸ್ ಬರೀರಿ."

ಎರಡು ದಿನದ ಭಾರ ಇಳಿಯಿತು! ನಾನು ಕಾಗದ ತೆಗೆದು ಅಲ್ಲೇ ಇಸ್ ಎಂದು ತಿದ್ದಿದೆ. ಅವರು ಕಾಗದ ತೆಗೆದುಕೊಂಡು ಓದಿದರು. ನಗು ನಿಂತಿತು.

"ಮಾ ಜಿಂದಾ ಅದಾಳೇನ್ರಿ?"

"ಅದಾಳ್ರಿ. ಅದಕ್ಕ ಇಸ್."

"ಇಲ್ಲಿ ಕೇಳ್ರಿ. ನಾ ಮೂವತ್ತ ವರ್ಷದಿಂದ ಮಂದಿಗೆ ತಾರ ಬರದು ಕೊಡಾಕತ್ತೀನಿ. ಸತ್ತವರಿಗೂ ನಾವು ಬಿಮಾರ್ ಅಂತಾನ ಬರೀತೀವಿ. ಬರೋ ಮನಿಷ್ಯಾ ದಾರ್ಯಾಗ ಎದಿ ಒಡಕೋಬಾರದು ಅಂತ. ಹುಷಾರಿಲ್ಲ ಅಂತ ತಾರ ಬಂದ್ರ, ಹೋಗ್ಯಾಳ ಅಂತಾನ ಎಲ್ಲಾರೂ ತಿಳೀತಾರ. ಯಾರನ್ನರ ಮನಿಷ್ಯಾನ್ನ ಕಳಸ್ರಿ."

ನೀಲವ್ವ ಹೇಳಿದ್ದನ್ನೇ ಇವರೂ ಹೇಳಿದರು. ಒಂದೇ ಮಾತನ್ನು ಎರಡು ಬಾಯಿ ಹೇಳಿದರೆ ಬುದ್ಧಿವಂತ ನಿಂತು ಯೋಚಿಸುತ್ತಾನೆ. ನಾನು ಪಂಡಿತ, ನಿಲ್ಲಲಿಲ್ಲ.

"ಅದು ಇಸ್ ಗೊತ್ತಿಲ್ಲದ ಮಂದಿ ಮಾತು, ಮುನ್ಶಿಜಿ. ಇಸ್ ಅಂದ್ರ ಈಗ, ಈ ಗಳಿಗ್ಯಾಗ ಅದಾಳ ಅಂತ. ಓದಿದವರಿಗೆ ಸಂಶಯಾನ ಬರೂದಿಲ್ಲ."

ಅವರು ಕಾಗದವನ್ನು ತಿರುಗಿ ನನ್ನ ಕೈಗೆ ಕೊಟ್ಟು, "ನಿಮ್ಮ ಮರ್ಜಿ" ಎಂದರು. ಆ ರಾತ್ರಿ ಅವರ ಮನೆಯ ಪಡಸಾಲೆಯಲ್ಲೇ ಮಲಗಿದೆ. ಉಣ್ಣಲೂ ಅವರೇ ಹಾಕಿದರು.

ಮಂಗಳವಾರ ಕಚೇರಿಯ ಬಾಗಿಲು ತೆರೆಯುವ ಮೊದಲೇ ನಾನು ಮೆಟ್ಟಿಲ ಮೇಲೆ ಇದ್ದೆ. ರಾತ್ರಿ ಇನ್ನಷ್ಟು ಬೆಳೆಸಿದ ಮೇಲೆ ನನ್ನ ತಾರು ಹೀಗಿತ್ತು: ತಾಯಿಗೆ ಹುಷಾರಿಲ್ಲ, ಅವಳು ನಿನ್ನನ್ನು ಕೇಳುತ್ತಿದ್ದಾಳೆ, ನಾವೆಲ್ಲ ದಾರಿ ಕಾಯುತ್ತಿದ್ದೇವೆ, ಬಾ. ಎರಡು ಇಸ್, ಒಂದು ಆರ್. ಆದರೆ ಆಮ್ ಒಂದು ಹೊರಗೇ ಉಳಿಯಿತಲ್ಲ? ಮೂವರು ಅಣ್ಣತಮ್ಮಂದಿರಲ್ಲಿ ಇಬ್ಬರನ್ನು ಊಟಕ್ಕೆ ಕರೆದು ಒಬ್ಬನನ್ನು ಬಿಟ್ಟ ಹಾಗಾಗುತ್ತದೆ! ಕೊನೆಗೆ "ಐ ಆಮ್ ಸ್ಕೂಲ್ ಮಾಸ್ಟರ್" ಎಂದು ಸೇರಿಸಿದೆ. ತಾರಿನ ಬಾಬು ಓದಿ, "ಇದು ಯಾಕ್ರಿ?" ಎಂದು ಕೇಳಿದ. "ಇರಲಿ, ಬೇಕು" ಎಂದೆ. ಅವನು ಕಟಕಟ ಎಂದು ಹೊಡೆದ. ನನ್ನ ಇಸ್ ತಂತಿಯ ಮೇಲೆ ಹಾರಿಹೋಗುವುದನ್ನು ಕಿಟಕಿಯಿಂದ ನೋಡಿದೆ. ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಊರಿಗೆ ಬಂದು ಈರಮ್ಮನಿಗೆ ಹೇಳಿದೆ. ಅವಳು ಬೆರಳು ಮಡಚಿ ದಿನ ಎಣಿಸಿದಳು. "ಗುರುವಾರ ಬರತಾನ" ಎಂದಳು. ಬುಧವಾರವೇ ನೀಲವ್ವನ ಕೈಯಿಂದ ಬಟ್ಟಲಿನ ಎಣ್ಣೆ ಚೆಲ್ಲಿಸಿ ಹೊಸದು ತುಂಬಿಸಿಕೊಂಡಳು. ಗುರುವಾರವೆಲ್ಲ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ರಸ್ತೆಯಲ್ಲಿ ಯಾರದೇ ಹೆಜ್ಜೆ ಸಪ್ಪಳವಾದರೂ, "ಬಂದಾನೇನ ನೋಡ ನೀಲಾ" ಎನ್ನುತ್ತಿದ್ದಳು. ಎಷ್ಟೋ ಮಾತಾಡಿದಳು ಅಂದು. ಯಂಕಪ್ಪ ಹುಟ್ಟಿದಾಗ ತಲೆಯ ತುಂಬ ಕೂದಲಿತ್ತಂತೆ. ಸೂಲಗಿತ್ತಿ, "ಇವನಿಗೆ ಎಣ್ಣಿ ಹಾಕಿ ಹಾಕಿ ನೀ ಬಡವಿ ಆಗ್ತೀದಿ" ಎಂದು ನಕ್ಕಿದ್ದಳಂತೆ. ಶುಕ್ರವಾರ ಮಧ್ಯಾಹ್ನ ಈರಮ್ಮನ ಮಾತು ನಿಂತಿತು. ಕಣ್ಣು ಮಾತ್ರ ಬಾಗಿಲ ಮೇಲೆ ಇತ್ತು. ನಾನು ಗೋಡೆಯ ಈಚೆ ಕೂತು, ಇಸ್ ಬರೆದದ್ದು ಸರಿಯೋ ತಪ್ಪೋ ಎಂದು ಮತ್ತೆ ಆ ಹರಿದ ಪಾಠವನ್ನು ತೆಗೆದು ನೋಡಿದೆ. ಸರಿಯಾಗಿಯೇ ಇತ್ತು!

ಶನಿವಾರ ಮಧ್ಯಾಹ್ನ ಓಣಿಯ ತುದಿಯಿಂದ ದೊಡ್ಡ ಗೋಳು ಕೇಳಿಸಿತು. ಹೊರಗೆ ಓಡಿದೆ. ಯಂಕಪ್ಪ ಬರುತ್ತಿದ್ದ. ಎರಡೂ ಕೈಯಿಂದ ಎದೆ ಬಡಿದುಕೊಳ್ಳುತ್ತಿದ್ದ. ತಲೆ ನುಣ್ಣಗೆ ಬೋಳಾಗಿತ್ತು. ಮೀಸೆಯೂ ಇರಲಿಲ್ಲ.

"ಯವ್ವಾ! ನನ್ನ ಬಿಟ್ಟು ಹೋದೆಲ್ಲಬೇ ಯವ್ವಾ!"

ಬೋಳು ತಲೆ ಕಂಡ ಓಣಿಯ ಹೆಂಗಸರು, ಸೊಲ್ಲಾಪುರದಲ್ಲಿ ಇವನವರು ಯಾರೋ ಸತ್ತಿದ್ದಾರೆಂದು ತಿಳಿದು ತಾವೂ ಗೋಳು ತೆಗೆದರು. ಅವನು ತಾಯಿಗಾಗಿ ಅಳುತ್ತಿದ್ದ. ಇವರು ಯಾರಿಗಾಗಿ ಅಳುತ್ತಿದ್ದಾರೆಂದು ಇವರಿಗೇ ಗೊತ್ತಿರಲಿಲ್ಲ. ಆದರೂ ಮನಸಾರೆ ಅತ್ತರು. ನಾನು ನಡುವೆ ನುಗ್ಗಿ ಅವನ ಭುಜ ಹಿಡಿದು ಅಲುಗಿಸಿದೆ.

"ಯಂಕಪ್ಪಾ! ಅಳಬ್ಯಾಡೋ! ನಿಮ್ಮವ್ವ ಅದಾಳ!"

"ಎಲ್ಲಿ ಅದಾಳ್ರಿ? ಯಾವ ಹೊಲದಾಗ ಇಟ್ಟೀರಿ?"

"ಮನ್ಯಾಗ ಅದಾಳೋ! ಜೀವಂತ ಅದಾಳ!"

ಅವನು ನಿಂತಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಕೈ ತಾನಾಗಿ ಬೋಳು ತಲೆಯ ಮೇಲೆ ಹೋಯಿತು. ಹೆಂಗಸರು ಗೋಳು ನಿಲ್ಲಿಸಿ ಹತ್ತಿರ ಬಂದರು.

"ತಾರ ಬಂದಿತ್ತಲ್ರೀ ಮಾಸ್ತರ?"

"ನಾನ ಕಳಿಸಿದ್ದೋ. ಹುಷಾರಿಲ್ಲ, ಜಲ್ದಿ ಬಾ ಅಂತ. ಓದಸಲಿಲ್ಲೇನು ಯಾರ ಕೂಡನರ?"

"ತಾರ ಓದಸ್ತಾರೇನ್ರಿ ಯಾರರ? ತಾರಿನವ ಸೈಕಲ್ ಇಳದು ನನ್ನ ಹೆಸರ ಕೇಳಿದ ಕೂಡ್ಲೆ ನಾ ಇರೋ ಚಾಳಿನ ಹೆಣಮಕ್ಕಳೆಲ್ಲ ಅಳಾಕ ಹತ್ತಿದ್ರು. ಒಬ್ರು ನೀರ ಕೊಟ್ರು, ಒಬ್ರು ಗಂಟ ಕಟ್ಟಿ ಕೊಟ್ರು. ರೈಲಿನ್ಯಾಗ ಬರಾಕಾದ್ರ ಹೊಳಿ ಬಂತು. ಮಣ್ಣ ಆಗಿ ಹೋಗಿರತೈತಿ, ಅವಸರ ಮಾಡಿ ಏನ ಮಾಡೂದು, ಹೊಳ್ಯಾಗರ ನೀರ ಬಿಡೂಣು ಅಂತ ಕೃಷ್ಣಾ ದಂಡಿಗೆ ಇಳದೆ. ಬುಧವಾರ ತಲಿ ಬೋಳಿಸ್ಕೊಂಡು, ಮೂರ ದಿನದ ಕಾರ್ಯ ಮುಗಿಸ್ಕೊಂಡು ಬಂದೀನ್ರಿ."

ಬುಧವಾರ! ಅಂದು ಅವನು ನೇರವಾಗಿ ಬಂದಿದ್ದರೆ ಗುರುವಾರ ಇಲ್ಲಿರುತ್ತಿದ್ದ. ಈರಮ್ಮ ಬಾಯಿ ತುಂಬ ಮಾತಾಡುತ್ತಿದ್ದ ಗುರುವಾರ. ಅವಳು ಇಲ್ಲಿ ಬೆರಳು ಮಡಚಿ ಅವನ ದಾರಿ ಎಣಿಸುತ್ತಿದ್ದಾಗ, ಅವನು ಅಲ್ಲಿ ಹೊಳೆಯಲ್ಲಿ ನಿಂತು ಅವಳ ಹೆಸರಿನಲ್ಲಿ ನೀರು ಬಿಡುತ್ತಿದ್ದ.

ಬದುಕಿರುವ ತಾಯಿಯ ಮುಂದೆ ತಲೆ ಬೋಳಿಸಿಕೊಂಡು ನಿಲ್ಲುವುದೆಂದರೆ ಅದಕ್ಕಿಂತ ಕೆಟ್ಟದ್ದು ನಮ್ಮಲ್ಲಿಲ್ಲ. ನೀಲವ್ವ ಓಡಿಹೋಗಿ ನನ್ನ ರುಮಾಲು ತಂದಳು. ಅವನ ತಲೆಗೆ ಕಿವಿ ಮುಚ್ಚುವ ಹಾಗೆ ಸುತ್ತಿ, "ತಲಿ ತೋರಸಬ್ಯಾಡ ತಮ್ಮಾ. ಹಂಗ ಮುಂದ ಹೋಗಿ ಕೂಡು" ಎಂದು ಒಳಗೆ ಕಳಿಸಿದಳು.

ಈರಮ್ಮನ ಕಣ್ಣು ಅವನನ್ನು ಹಿಡಿದವು. ಮುಖದಲ್ಲಿ ಬಂದ ಬೆಳಕು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಯಿ ಅಲುಗಿತು, ಮಾತು ಬರಲಿಲ್ಲ. ಅವಳ ಕೈ ಹಾಸಿಗೆಯ ಮೇಲೆ ತಡವರಿಸಿ ಬಟ್ಟಲನ್ನು ಹುಡುಕಿತು. ನೀಲವ್ವ ಬಟ್ಟಲನ್ನು ಎತ್ತಿ ದೂರ ಇಡಲು ಹೋದಳು. ಈರಮ್ಮ ಅವಳನ್ನು ನೋಡಿದ ರೀತಿಗೆ ಅವಳು ತಿರುಗಿ ತಂದು ಅಲ್ಲೇ ಇಟ್ಟಳು. ಅಂಗೈಯನ್ನು ಎಣ್ಣೆಯಲ್ಲಿ ಅದ್ದಿದಳು ಈರಮ್ಮ. ಯಂಕಪ್ಪ ಬಾಗಿದ, ಬೇರೇನು ಮಾಡಿಯಾನು? ಕೈ ರುಮಾಲಿನ ಕೆಳಗೆ ನುಸುಳಿತು.

ಅಲ್ಲಿಯೇ ನಿಂತಿತು ಕೈ.

ಬೆರಳುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ, ಹಿಂದಕ್ಕೆ, ಕಿವಿಯ ಬದಿಗೆ ಹುಡುಕಿಕೊಂಡು ಹೋದವು. ಎಲ್ಲೂ ಒಂದು ಎಳೆ ಕೂದಲು ಸಿಗಲಿಲ್ಲ. ರುಮಾಲು ಸಡಿಲಗೊಂಡು ಬಿತ್ತು. ಅವಳು ಬೋಳು ತಲೆ ನೋಡಿದಳು, ಅವನ ಮುಖ ನೋಡಿದಳು. ಅವಳಿಗೆ ಏನು ತಿಳಿಯಿತೋ ನನಗೆ ಗೊತ್ತಿಲ್ಲ. ನೀಲವ್ವ, ಎಲ್ಲ ತಿಳೀತು ಎನ್ನುತ್ತಾಳೆ. ಆಮೇಲೆ ಆ ಕೈ ಮತ್ತೆ ಬಟ್ಟಲಿಗೆ ಹೋಯಿತು. ಇದ್ದ ಎಣ್ಣೆಯನ್ನೆಲ್ಲ ಬೋಳು ತಲೆಗೇ ಹಚ್ಚಿದಳು, ನಿಧಾನವಾಗಿ, ಕೂದಲಿದ್ದಿದ್ದರೆ ಹೇಗೆ ತಿಕ್ಕುತ್ತಿದ್ದಳೋ ಹಾಗೆಯೇ. ಹೀರಿಕೊಳ್ಳಲು ಕೂದಲಿರಲಿಲ್ಲ. ಎಣ್ಣೆ ಅವನ ಹಣೆಯ ಮೇಲಿಂದ ಕಣ್ಣಿಗೆ, ಕಣ್ಣಿನಿಂದ ಗದ್ದಕ್ಕೆ ಇಳಿಯಿತು. ನಾನು ಹೊರಗೆ ಬಂದು ದನದ ಗೋದಲಿಯ ಹಿಂದೆ ನಿಂತು ಅತ್ತೆ.

ಭಾನುವಾರ ಬೆಳಿಗ್ಗೆ, ಎಮ್ಮೆ ಹಿಂಡುವ ಹೊತ್ತಿಗೆ, ಈರಮ್ಮ ಹೋದಳು.

ಮತ್ತೊಮ್ಮೆ ತಲೆ ಬೋಳಿಸಬೇಕೆಂದರು ಹಿರಿಯರು. ಶಾಸ್ತ್ರ ಶಾಸ್ತ್ರವೇ. ಕ್ಷೌರದ ಬಸಪ್ಪ ಪೆಟ್ಟಿಗೆ ತೆರೆದು ಯಂಕಪ್ಪನ ತಲೆ ನೋಡಿ, "ಇಲ್ಲಿ ನನಗೇನ ಉಳಿಸೀರಿ?" ಎಂದ. ಬೇರೆ ದಿನವಾಗಿದ್ದರೆ ಓಣಿಯೆಲ್ಲ ನಗುತ್ತಿತ್ತು. ಬಸಪ್ಪನೂ ಕೂಡಲೇ ತಲೆ ತಗ್ಗಿಸಿದ. ನೀರು ಚಿಮುಕಿಸಿ, ಕತ್ತಿಯ ಬೆನ್ನನ್ನು ಎಣ್ಣೆಯ ಜಿಡ್ಡಿನ ಮೇಲೆ ಮೂರು ಸಲ ಆಡಿಸಿ ಎದ್ದ.

ಕಾರ್ಯಗಳೆಲ್ಲ ಮುಗಿದ ಮೇಲೆ ಯಂಕಪ್ಪ ಸೊಲ್ಲಾಪುರಕ್ಕೆ ಹೊರಟ. ಹೇಳಿ ಹೋಗಲು ನಮ್ಮ ಕಟ್ಟೆಗೆ ಬಂದ. ನಾನು ಅವನ ಮುಖ ನೋಡದೆ ಚಾಪೆಯ ಎಳೆ ಎಣಿಸುತ್ತಿದ್ದೆ. ಬೈಯಲಿ, ನಾಲ್ಕು ಜನರ ಮುಂದೆ ಬೈಯಲಿ ಎಂದು ಕಾದೆ. ಅವನು ಅಂಗಿಯ ಕಿಸೆಯಿಂದ ಒಂದು ಲಕೋಟೆ ತೆಗೆದು ನನ್ನ ಮುಂದೆ ಇಟ್ಟ. ತಾರು. ಅಂಟು ಹಾಗೆಯೇ ಇತ್ತು. ಒಡೆದೇ ಇರಲಿಲ್ಲ.

"ಇದನ್ನ ಏನ ಮಾಡಬೇಕೋ ನನಗ ತಿಳೀಲಿಲ್ರಿ. ನಿಮ್ಮದು, ನೀವ ಇಟಗೋರಿ. ಒಂದ ಸಲ ಓದಿ ಹೇಳ್ರಿ, ಏನ ಬರದೀರಿ ಇದರಾಗ?"

ಒಡೆದೆ. ದೂರದ ತಂತಿಯಲ್ಲಿ ಎಲ್ಲಾದರೂ ಒಂದು ಅಕ್ಷರ ಬಿದ್ದುಹೋಗಿರಲಿ ದೇವರೇ, ತಪ್ಪನ್ನು ಅದರ ಮೇಲೆ ಹಾಕಿಬಿಡುತ್ತೇನೆ ಎಂದು ಬೇಡಿಕೊಂಡೆ. ಒಂದೂ ಬಿದ್ದಿರಲಿಲ್ಲ. ಇಸ್ ಇತ್ತು, ಇನ್ನೊಂದು ಇಸ್ ಇತ್ತು, ಆರ್ ಇತ್ತು. ಐ ಆಮ್ ಸ್ಕೂಲ್ ಮಾಸ್ಟರ್ ಕೂಡ ಇತ್ತು!

"ನಿಮ್ಮವ್ವಗ ಹುಷಾರಿಲ್ಲ. ನಿನ್ನ ಕೇಳಾಕತ್ಯಾಳ. ನಾವೆಲ್ಲಾ ದಾರಿ ಕಾಯಾಕತ್ತೀವಿ, ಬಾ" ಎಂದೆ. ಕೊನೆಯ ಸಾಲನ್ನು ಹೇಳಲು ಬಾಯಿ ಬರಲಿಲ್ಲ.

ಅವನು ತಲೆಯಾಡಿಸಿದ. "ಚಲೋ ಬರದೀರಿ. ತಪ್ಪೇನೂ ಇಲ್ಲಲ್ರಿ?"

"ಇಲ್ಲಪ್ಪ. ಒಂದೂ ತಪ್ಪಿಲ್ಲ."

"ಹಂಗಾದ್ರ ಮನಸಿಗೆ ಹಚ್ಚಿಕೋಬ್ಯಾಡ್ರಿ ಮಾಸ್ತರ. ನೀವು ಎಣ್ಣಿ ಹಚ್ಚೂ ಹೊತ್ತಿಗರ ಕರಸೀರಿ ನನ್ನ" ಎಂದು ನನ್ನ ಕಾಲು ಮುಟ್ಟಿ ಹೋದ.

ತಾಯಿಯನ್ನು ಕಳೆದುಕೊಂಡವನು ನನಗೆ ಸಮಾಧಾನ ಹೇಳಿ ಹೋದ! ಇಂಥ ಶಿಕ್ಷೆಯನ್ನು ಯಾವ ಕಚೇರಿಯಲ್ಲೂ ಬರೆದಿಲ್ಲ. ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಈಗಲಾದರೂ ಬೈಯುತ್ತಾಳೆ ಎಂದುಕೊಂಡೆ. "ಏಳ್ರಿ, ಉಣ್ಣೇಳ್ರಿ" ಎಂದಳು, ಅಷ್ಟೇ.

ಆಮೇಲೆ ಊರಿನಲ್ಲಿ ನನ್ನನ್ನು ಯಾರೂ ಪಂಡಿತ ಎನ್ನಲಿಲ್ಲ. ನಾನೂ ನೆನಪು ಮಾಡಿಕೊಡಲಿಲ್ಲ. ಆ ಹರಿದ ಪಾಠವನ್ನು ಸಿಂಧನೂರಿನ ಸಂತೆಗೆ ಒಯ್ದು ಆ ಮುದುಕಿಗೇ ತಿರುಗಿ ಕೊಟ್ಟೆ. ಅವಳು ನನ್ನೆದುರಿಗೇ ಅದನ್ನು ಹರಿದು ಯಾರಿಗೋ ಶೇಂಗಾ ಕಟ್ಟಿಕೊಟ್ಟಳು. ಈಗಲೂ ಓಣಿಯಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಕಾಗದ ಬರೆಯಲು ನನ್ನನ್ನೇ ಕರೆಯುತ್ತಾರೆ, ಪಾಪ, ಬೇರೆ ಗತಿಯಿಲ್ಲ. ನಾನು ಕಾರ್ಡು ಬರೆಯುತ್ತೇನೆ, ಕನ್ನಡದಲ್ಲಿ. ಮೂಲೆಗೆ ಅರಿಸಿನ ಹಚ್ಚುವ ಕೆಲಸ ಮಾತ್ರ ನೀಲವ್ವ ನನಗೆ ಬಿಡುವುದಿಲ್ಲ.

"ಕೊಡ್ರಿ ಇತ್ತ. ಮಂದಿ ಓದೂದು ಇದನ್ನಷ್ಟ" ಎನ್ನುತ್ತಾಳೆ.